ಅಕ್ಕಮ್ಮನ ದೊಣೆಯ ದಾರಿ

ಬೈರಕೂರು ಹೋಬಳಿ
10-3-2024, ಭಾನುವಾರ

ಚಂದನಾ,

ಇಲ್ಲಿ ನಿನ್ನ ಅಪ್ಪ, ನಿನ್ನ ಅಮ್ಮ, ನಾನು ಮೂವರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇವೆ. ಹಸುಗಳು ಹಾಲು ಕೊಡುತ್ತಿವೆ. ಕ್ಷೇಮವೆಂದರೆ ಅಷ್ಟೇ.

ಈ ಕಾಗದ ನೋಡಿ ನೀನು ಬೇರೆ ಏನೂ ತಿಳಿದುಕೊಳ್ಳಬಾರದು. ನಿನ್ನ ತಾತನ ಹನ್ನೊಂದನೆಯ ದಿನದ ಕಾರ್ಯದಲ್ಲಿ, ಊಟಕ್ಕೆ ಕೂತ ನೆಂಟರೆಲ್ಲರ ಎದುರಿಗೆ, ಇನ್ನು ಮೇಲೆ ನಿನ್ನ ಜೊತೆ ಮಾತನಾಡುವುದಿಲ್ಲ ಎಂದು ಹೇಳಿದ್ದೇನೆ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದಿಲ್ಲ. ಆದರೆ ಬರೆಯುವುದಿಲ್ಲ ಎಂದು ನಾನು ಹೇಳಿರಲಿಲ್ಲ. "ಒಂದು ಫೋನ್ ಮಾಡಿದ್ರೆ ಮುಗೀತದಲ್ಲಮ್ಮ" ಎಂದ ನಿನ್ನ ಅಪ್ಪ. ನಾನು ಅವನ ಕೈಯಲ್ಲೇ ಪೋಸ್ಟಾಫೀಸಿನಿಂದ ಕವರು ತರಿಸಿದೆ.

ಕೇಳಬೇಕಾದ್ದು ಒಂದೇ. ನಮ್ಮ ಬೆಟ್ಟದ ಮೇಲಿನ ಅಕ್ಕಮ್ಮನ ದೊಣೆಯನ್ನು ನೀನು ವಿಡಿಯೋ ಮಾಡಿ ಫೋನಿನಲ್ಲಿ ಹಾಕಿದೆಯಲ್ಲ, ಅದು ಇನ್ನೂ ಇದೆಯೇ? ಇದ್ದರೆ ತೆಗೆದುಹಾಕು.

ಜನ ಬರುವುದು ನಿಂತಿಲ್ಲ. ಹೋದ ಭಾನುವಾರ ನಮ್ಮ ಮಾವಿನ ತೋಟದ ಗೇಟಿನಿಂದ ಬೋರಿನ ಮನೆಯವರೆಗೆ ಕಾರುಗಳು ನಿಂತಿದ್ದವು. ಅರ್ಧ ಚಡ್ಡಿ ಹಾಕಿಕೊಂಡ ಒಬ್ಬ ನನ್ನನ್ನೇ ಬಂದು ಕೇಳಿದ.

"ಆಂಟಿ, ಆ ಸೀಕ್ರೆಟ್ ಪಾಂಡ್‌ಗೆ ಯಾವ ಕಡೆ ಹೋಗ್ಬೇಕು?"

ಬಂಡೆಯ ಮಡಿಲಲ್ಲಿ ನಿಲ್ಲುವ ಮಳೆನೀರಿಗೆ ಇವರು ಇಟ್ಟ ಹೆಸರು ಅದು. ಊರಿನ ಎಮ್ಮೆಗೂ ಗೊತ್ತಿರುವ ಜಾಗ ಇವರಿಗೆ ಸೀಕ್ರೆಟ್ಟು.

"ಮೇಲೆ ಹೆಜ್ಜೇನು ಇದೆ. ಹೋದ ತಿಂಗಳು ಸಾವಾಗಿದೆ" ಎಂದೆ.

"ಗೊತ್ತು ಆಂಟಿ, ನ್ಯೂಸ್‌ನಲ್ಲಿ ನೋಡಿದ್ವಿ. ಯಾರೋ ವಯಸ್ಸಾದೋರು ಪಾಪ. ನಾವು ದೂರದಿಂದ್ಲೇ ನೋಡ್ಕೊಂಡು ಬರ್ತೀವಿ."

ಆ ವಯಸ್ಸಾದವರು ನನಗೆ ಏನಾಗಬೇಕು ಎಂದು ನಾನು ಅವನಿಗೆ ಹೇಳಲಿಲ್ಲ.

ನೀನು ಸದ್ಯಕ್ಕೆ ಇಲ್ಲಿಗೆ ಬರಬೇಡ. ಮಾಸ್ತಿಯಲ್ಲಿ ನಿನ್ನ ದೊಡ್ಡಮ್ಮ ಪದ್ಮಶ್ರೀಗೆ ಭಾರವಾಗದ ಹಾಗೆ ಇರು. ಹಾಲಿನ ಡೈರಿ ಕೆಲಸ ತಪ್ಪಿಸಬೇಡ.

ಗಂಗರತ್ನಮ್ಮ

*

ಮಾಸ್ತಿ
24-3-2024

ಅಜ್ಜಿಗೆ ಚಂದನ ಮಾಡುವ ನಮಸ್ಕಾರಗಳು.

ನೀವು ಕೇಳಿದ್ದಕ್ಕೆ ಮೊದಲು ಉತ್ತರ ಬರೆಯುತ್ತೇನೆ. ಆ ರಾತ್ರಿ ಅಪ್ಪ ಫೋನ್ ಮಾಡಿ ತಾತನ ವಿಷಯ ಹೇಳಿದ ಮೇಲೆ ವಿಡಿಯೋ ಅಳಿಸಿಬಿಟ್ಟೆ. ಮಾಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಊರಿಗೆ ಬಸ್ಸು ಕಾಯುತ್ತಾ ಅಳಿಸಿದ್ದು. ಆದರೆ ಅಷ್ಟರಲ್ಲಿ ಬೇರೆಯವರು ಅದನ್ನು ಇಳಿಸಿಕೊಂಡು, ಹಾಡು ಸೇರಿಸಿ, ತಮ್ಮದೆಂದು ಹಾಕಿಕೊಂಡಿದ್ದರು. ಅದರಲ್ಲೊಂದನ್ನು ಲಕ್ಷಗಟ್ಟಲೆ ಜನ ನೋಡಿದ್ದಾರೆ. ಮ್ಯಾಪಿನಲ್ಲಿ ಯಾರೋ ಗುರುತು ಹಾಕಿ ಬೇರೆ ಹೆಸರನ್ನೂ ಇಟ್ಟಿದ್ದಾರೆ. ನನ್ನದನ್ನು ತೆಗೆದರೂ ಇವು ಹೋಗುವುದಿಲ್ಲ.

ಅದನ್ನು ಮಾಡಿದ್ದು ಅಕ್ಟೋಬರಿನಲ್ಲಿ. ದೊಣೆ ತುಂಬಿ ಆಕಾಶ ಅದರಲ್ಲಿ ಬಿದ್ದಿತ್ತು. ತಾತ ನನ್ನ ಜೊತೆಗೆ ಬಂದಿದ್ದರು. "ನಿಮ್ಮೂರಲ್ಲಿ ಏನೈತೆ ಅಂತ ಕೇಳ್ತಾರಲ್ಲ ನಿನ್ ಡೈರಿಯೋರು, ತೋರ್ಸು" ಎಂದರು. ಎರಡು ಬಂಡೆಗಳ ನಡುವೆ ದಾರಿ ಎಲ್ಲಿದೆ ಎಂದು ತಾತ ಕೈ ಚಾಚಿ ತೋರಿಸಿದ್ದು ವಿಡಿಯೋದಲ್ಲಿತ್ತು. ಮುಖ ಇರಲಿಲ್ಲ, ಕೈ ಮಾತ್ರ. ಕದ್ದವರು ಅದನ್ನು ಕತ್ತರಿಸಿಲ್ಲ. ಈಗಲೂ ಆ ಎಲ್ಲ ವಿಡಿಯೋಗಳಲ್ಲಿ ತಾತನ ಕೈ ಇದೆ. ದಾರಿ ತೋರಿಸುತ್ತಲೇ ಇದೆ.

ನಾನು ದಿನಾ ಕೆಲಸಕ್ಕೆ ಹೋಗುತ್ತಿದ್ದೇನೆ. ಹಾಲಿನ ಡಿಗ್ರಿ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ಅಳು ಬರುವುದಿಲ್ಲ. ಬರದೆ ಇರುವುದು ಸರಿಯೇ ಎಂದು ದೊಡ್ಡಮ್ಮನನ್ನು ಕೇಳಿದೆ. ಅವರು ಉಪ್ಪಿಟ್ಟು ಬಡಿಸಿದರು.

ಯುಗಾದಿಗೆ ಬರಲಾ ಅಜ್ಜಿ?

ಚಂದನ

*

ಬೈರಕೂರು ಹೋಬಳಿ
25-4-2024

ಚಂದನಾ,

ನಿನ್ನ ಕಾಗದ ಯುಗಾದಿಗೆ ಮುಂಚೆಯೇ ತಲುಪಿತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಇಲ್ಲದ ಹಬ್ಬಕ್ಕೆ ಬರುವುದು ಏನು, ಬೇಡವೆನ್ನುವುದು ಏನು. ಅದಕ್ಕೇ ಬರೆಯಲಿಲ್ಲ.

ತೋಟದ ಗೇಟಿನಿಂದ ಬೆಟ್ಟದ ಬುಡದವರೆಗೆ ದಾರಿ ನಮ್ಮ ಜಮೀನಿನಲ್ಲೇ ಹೋಗುತ್ತದೆ. ನಿನ್ನ ಅಪ್ಪ ಶ್ರೀಧರನಿಂದ ಜಾಲಿಮುಳ್ಳು ಕಡಿಸಿ ಅಡ್ಡ ಹಾಕಿಸಿದೆ. ಶನಿವಾರ ಹಾಕಿಸಿದ್ದನ್ನು ಭಾನುವಾರ ಎತ್ತಿ ಮಾವಿನ ಬುಡಕ್ಕೆ ಎಸೆದಿದ್ದರು. ಮತ್ತೆ ಹಾಕಿಸಿದೆ. ಈಗ ಕಲ್ಲುಕಂಬದ ಸಂದಿಯಲ್ಲಿ ನುಗ್ಗಿ, ಬದನೆ ಪಾತಿ ತುಳಿದುಕೊಂಡು ಹೋಗುತ್ತಾರೆ. ದೊಣೆಯಲ್ಲಿ ಚಿಪ್ಸಿನ ಕವರುಗಳು ತೇಲುತ್ತಿವೆ ಎಂದು ನಿನ್ನ ಅಮ್ಮ ಶೋಭಾರಾಣಿ ಹೇಳಿದಳು. ಅವಳು ಬಿಸಿಲೇರುವ ಮುಂಚೆ ಮೇಲೆ ಹೋಗಿ ನೋಡಿ ಬಂದಳು. ನಾನು ಹೋಗಿಲ್ಲ.

ಗ್ರಾಮ ಪಂಚಾಯಿತಿ ಮೆಂಬರು ಚನ್ನರಾಯಪ್ಪ ಬಂದಿದ್ದ. ನಿನ್ನ ತಾತನ ಚಿಕ್ಕಪ್ಪನ ಮಗ, ನಿನಗೆ ಗೊತ್ತು; ಅತ್ತಿಗೆ ಎನ್ನದೆ ತೆಲುಗಿನಲ್ಲಿ ವದಿನಾ ಎಂದೇ ನನ್ನನ್ನು ಕರೆಯುವವನು. ಜಗುಲಿಯ ಮೇಲೆ ಕೂತು ಟವಲು ಕೊಡವಿದ.

"ವದಿನಾ, ಒಂದು ಪಂಜು ಸಾಕು. ಕತ್ತಲಾದ್ಮೇಲೆ ನಾನು, ಇನ್ನಿಬ್ರು ಹೋಗಿ ಸುಟ್ಟು ಬರ್ತೀವಿ. ಅಣ್ಣನ್ನ ತಿಂದ ಹುಳ ಅವು."

"ಹುಳ ಇಲ್ದೆ ನಿನ್ನ ತೋಟದಲ್ಲಿ ಬಾದಾಮಿ ಮಾವು ಕಾಯಿ ಕಚ್ಚುತ್ತೇನಪ್ಪ?"

"ಕಚ್ಚದಿದ್ರೆ ಹೋಗ್ಲಿ."

"ಈ ಮಾತು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ನಿಂತು ಹೇಳು, ಕೇಳೋಣ."

ಅವನು ಟವಲು ಮಡಿಸಿ ಹೆಗಲಿಗೆ ಹಾಕಿಕೊಂಡ. ಆಮೇಲೆ, "ಹುಳ ಸುಡಬೇಡ ಅಂತೀರಿ. ಬರೋ ಜನಾನ ತಡೆಯೋಕಾಗ್ತಿಲ್ಲ. ಮೊಮ್ಮಗಳನ್ನ ಮನೆ ಬಾಗಿಲಿಗೆ ಸೇರಿಸ್ತಿಲ್ಲ. ಹಾಗಿದ್ರೆ ಅಣ್ಣನ್ನ ಕೊಂದಿದ್ದು ಯಾರು ಅಂತ ಲೆಕ್ಕ ವದಿನಾ?" ಎಂದ.

ನಾನು ಶೋಭಾರಾಣಿಗೆ ಅವನಿಗೆ ಕಾಫಿ ಕೊಡಲು ಹೇಳಿ ಒಳಗೆ ಬಂದೆ.

ಕಾಯಿ ಈ ಸಲ ಚೆನ್ನಾಗಿ ಕಚ್ಚಿದೆ.

ಗಂಗರತ್ನಮ್ಮ

*

ಮಾಸ್ತಿ
16-6-2024

ಅಜ್ಜಿಗೆ ನಮಸ್ಕಾರ.

ಇಲ್ಲಿ ಮಳೆ ಹಿಡಿದಿದೆ. ರಾಗಿಗೆ ಹೊಲ ಹಸನು ಮಾಡುತ್ತಿದ್ದಾರೆ. ಅಲ್ಲೂ ಮಳೆಯಾಗಿದ್ದರೆ ಹೆಜ್ಜೇನು ಎದ್ದು ಹೋಗಿರುತ್ತವೆ. ಬಂಡೆಯ ಮೇಲೆ ಖಾಲಿ ಎರಿ ಮಾತ್ರ ಇರುತ್ತದೆ ಅಲ್ಲವೇ?

ನಿಮ್ಮನ್ನು ಒಂದು ವಿಷಯ ಕೇಳುತ್ತೇನೆ. ಆ ದಿನ ಏನಾಯಿತೆಂದು ನನಗೆ ಯಾರೂ ಪೂರ್ತಿ ಹೇಳಿಲ್ಲ. ಅಪ್ಪ ಅರ್ಧಕ್ಕೆ ನಿಲ್ಲಿಸುತ್ತಾರೆ. ಅಮ್ಮ ಬೇರೆ ಮಾತು ತೆಗೆಯುತ್ತಾರೆ. ಡೈರಿಗೆ ಹಾಲು ತರುವವರು ನನಗಿಂತ ಹೆಚ್ಚು ತಿಳಿದವರ ಹಾಗೆ ಮಾತಾಡುತ್ತಾರೆ. ನೀವು ಅಲ್ಲಿದ್ದಿರಿ. ನೀವು ಹೇಳಿದರೆ ನಂಬುತ್ತೇನೆ.

ಇನ್ನೊಂದು. ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ಸಲ ಕಾಗದ ಹರಿದೆ. ವಿಡಿಯೋದಲ್ಲಿ ನಾನು ದೊಣೆ ತೋರಿಸಿದೆ, ಅಕ್ಕಮ್ಮ ದೇವರ ಏಳು ಕಲ್ಲು ತೋರಿಸಿದೆ, ದಾರಿ ತೋರಿಸಿದೆ. ಜೇನಿನ ಮಾತು ಎತ್ತಲಿಲ್ಲ. ಆಗ ಅವು ಇರಲಿಲ್ಲ, ನಿಜ. ಆದರೆ ಮಾವು ಹೂ ಬಿಟ್ಟ ಕೂಡಲೇ ಬರುತ್ತವೆಂದು ನನಗೆ ಗೊತ್ತಿತ್ತು. ಬರೆಯಲು ಹೋಗಿ ಬೆರಳು ಹಿಂದಕ್ಕೆ ತೆಗೆದೆ. ನನಗೆ ಆರು ವರ್ಷ ತುಂಬಿದಾಗ ನೀವು ನನ್ನ ಕೈಯನ್ನು ಅಕ್ಕಮ್ಮನ ಕಲ್ಲಿನ ಮೇಲೆ ಇಡಿಸಿದ್ದಿರಿ. "ಜೇನು ಅಕ್ಕಮ್ಮನ ಮಕ್ಕಳು. ಅವುಗಳ ಸುದ್ದಿ ಊರಾಚೆ ಹೇಳಿದರೆ ತುಪ್ಪ ಕದಿಯೋರು ಹೊಗೆ ಹಿಡ್ಕೊಂಡು ಬರ್ತಾರೆ. ಹೇಳಲ್ಲ ಅಂತ ಆಣೆ ಮಾಡು" ಎಂದಿರಿ. ನಾನು ಆಣೆ ಮಾಡಿದ್ದೆ.

ನಿಮ್ಮ ಮೇಲೆ ಹೊರಿಸಲು ಬರೆಯುತ್ತಿಲ್ಲ. ಹಾಗಾಗಿತ್ತು ಎಂದು ಬರೆದೆ, ಅಷ್ಟೇ.

ಚಂದನ

*

ಬೈರಕೂರು ಹೋಬಳಿ
14-7-2024

ಚಂದನಾ,

ಕೇಳಿದ್ದೀಯ. ಬರೆಯುತ್ತೇನೆ. ಒಂದೇ ಸಲ ಬರೆಯುವುದು.

ಅಂದು ಮಧ್ಯಾಹ್ನ ನಿನ್ನ ತಾತ ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬೆಳಗ್ಗೆ ಎರಡು ಕಾರಿನಲ್ಲಿ ಬಂದ ಜನ ಬೆಟ್ಟ ಹತ್ತಿದ್ದರು. ಹೆಂಗಸರು, ಮಕ್ಕಳು ಎಲ್ಲ ಇದ್ದರು. ಬಂಡೆಯ ಚಾಚಿನ ಕೆಳಗೆ ನೆರಳು ಚೆನ್ನಾಗಿದೆಯೆಂದು ಅಲ್ಲೇ ಮೂರು ಕಲ್ಲಿಟ್ಟು ತರಗೆಲೆ ಕೂಡಿಸಿ ಒಲೆ ಹಚ್ಚಿದರಂತೆ. ತಲೆಯ ಮೇಲೆ ಎರಿಗಳು ಜೋತಿದ್ದದ್ದನ್ನು ಅವರು ನೋಡಿರಲಿಲ್ಲ. ನೋಡಿದವನೊಬ್ಬ ಬಂಡೆಯ ಮೇಲಿನ ಕಪ್ಪು ಪಾಚಿ ಎಂದುಕೊಂಡನಂತೆ.

ಸದ್ದು ಇಲ್ಲಿಗೆ ಕೇಳಿಸಿತು. ಬೆಟ್ಟವೇ ಗೊರಕೆ ಹೊಡೆದ ಹಾಗಿತ್ತು. ನಿನ್ನ ತಾತ ಎದ್ದು ಗೂಟದ ಮೇಲಿದ್ದ ಕಂಬಳಿ ತೆಗೆದುಕೊಂಡರು.

"ನೀವು ಹೋಗ್ಬೇಡಿ. ಅವರೇ ಓಡಿ ಬರ್ತಾರೆ" ಎಂದೆ.

"ಓಡಿದ್ರೆ ಬಿಡಲ್ಲ ಕಣೇ ಅವು. ಕೂತ್ಕೊಂಡು ಮುಸುಕು ಹಾಕ್ಕೋಬೇಕು ಅಂತ ಅವರಿಗೆ ಹೇಳಿದೋರು ಯಾರು?" ಎಂದು ಮೆಟ್ಟಿಲಿಳಿದು ಹೋದರು.

ಮೊದಲು ಗಂಡಸರು ಓಡಿ ಬಂದರು. ಆಮೇಲೆ ಹೆಂಗಸರು. ಎಲ್ಲರೂ ಕಾರಿನೊಳಗೆ ಕೂತು ಗಾಜು ಏರಿಸಿಕೊಂಡರು. ಕೊನೆಗೆ ನಿನ್ನ ತಾತ ಬಂದರು. ನಡೆದುಕೊಂಡೇ ಬಂದರು. ಎದೆಗೆ ಒಂದು ಹೆಣ್ಣುಮಗುವನ್ನು ಅವಚಿಕೊಂಡು ಕಂಬಳಿಯನ್ನು ಅದಕ್ಕೆ ಪೂರ್ತಿ ಸುತ್ತಿದ್ದರು. ಅವರ ತಲೆಯ ಮೇಲೆ ಬಟ್ಟೆ ಇರಲಿಲ್ಲ. ಮಗುವನ್ನು ಜಗುಲಿಯ ಮೇಲೆ ಇಳಿಸಿ ಅದರ ಕೈಕಾಲು ತಿರುಗಿಸಿ ನೋಡಿದರು. ನೀರು ಕೇಳಿದರು. ಕೊಟ್ಟೆ. ಕುಡಿಯಲಿಲ್ಲ. ನಾನು ಸುಣ್ಣ ಹಚ್ಚುತ್ತಾ ಕೊಂಡಿ ತೆಗೆಯುತ್ತಾ ಕೂತೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ.

"ಚಂದನಂಗೆ ಈಗ್ಲೇ ಹೇಳ್ಬೇಡ. ಸಂಜೆ ಹಾಲು ಮುಗೀಲಿ" ಎಂದರು. ಆಮೇಲೆ ಮಾತಾಡಲಿಲ್ಲ. ಮುಳಬಾಗಿಲು ಆಸ್ಪತ್ರೆ ಮುಟ್ಟುವ ಮುಂಚೆ ಹೋಗಿಬಿಟ್ಟರು.

ಆ ಮಗುವಿನ ತಾಯಿ ಆಸ್ಪತ್ರೆಯ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡಳು. ಅವಳ ಮುಖವೂ ಊದಿತ್ತು. "ಜೇನಿದೆ ಅಂತ ಎಲ್ಲೂ ಹಾಕಿರ್ಲಿಲ್ಲ ಅಮ್ಮ. ಮಕ್ಕಳನ್ನ ಕರ್ಕೊಂಡು ಬರೋರು ನಾವು, ಎಲ್ಲಾ ನೋಡ್ಕೊಂಡೇ ಬಂದಿದ್ವಿ. ಒಂದು ಮಾತು ಹಾಕಿದ್ರೆ ನಾವು ಬರ್ತಾನೇ ಇರ್ಲಿಲ್ಲ" ಎಂದಳು. ನಾನು ಕೈ ಬಿಡಿಸಿಕೊಂಡೆ.

ಇಷ್ಟೇ ನಡೆದದ್ದು. ಹನ್ನೊಂದನೆಯ ದಿನ ನಾನು ನಿನಗೆ ಏನು ಹೇಳಿದೆನೋ ಅದನ್ನು ಹೇಳುವಾಗ ಈ ಹೆಂಗಸಿನ ಮಾತು ನನ್ನ ಕಿವಿಯಲ್ಲಿತ್ತು.

ಆಣೆಯ ಬಗ್ಗೆ ಬರೆದಿದ್ದೀಯ. ನೀನು ನನ್ನ ಮಾತು ಪಾಲಿಸಿದ್ದೀಯ. ಅದನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ. ಸರಿ ಎನ್ನಲೂ ಬಾಯಿಲ್ಲ.

ಕಂಬಳಿ ನಡುಮನೆಯ ಗೂಟದ ಮೇಲೆ ಹಾಗೇ ಇದೆ. ಅದರ ತುಂಬ ಕೊಂಡಿಗಳಿವೆ. ಯಾರೂ ಮುಟ್ಟಬಾರದು ಎಂದಿದ್ದೇನೆ. ಹೆಜ್ಜೇನು ಎದ್ದು ಹೋಗಿವೆ, ನೀನು ಬರೆದ ಹಾಗೆ.

ಗಂಗರತ್ನಮ್ಮ

*

ಮಾಸ್ತಿ
20-10-2024

ಅಜ್ಜಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಮೂರು ತಿಂಗಳಾಯಿತು. ಉತ್ತರ ಬರೆಯಲಾಗಲಿಲ್ಲ. ಸಂಜೆ ಹಾಲು ಮುಗಿದ ಮೇಲೆ ಎಲ್ಲರೂ ಹೋದರೂ ನಾನು ಸ್ವಲ್ಪ ಹೊತ್ತು ಡೈರಿಯಲ್ಲೇ ಕೂತಿರುತ್ತೇನೆ. ಕ್ಯಾನು ತೊಳೆದ ನೀರು ಮೋರಿಗೆ ಹೋಗುವುದನ್ನು ನೋಡುತ್ತೇನೆ. ದೊಡ್ಡಮ್ಮ ಬಂದು ಕರೆಯುತ್ತಾರೆ.

ದಸರಾ ರಜೆಯಲ್ಲಿ ದೊಣೆಗೆ ಎಷ್ಟು ಜನ ಬಂದಿದ್ದರೆಂದು ಅಪ್ಪ ಹೇಳಿದರು. ಇನ್ನು ಒಂದೂವರೆ ತಿಂಗಳಲ್ಲಿ ಜೇನು ಬರುತ್ತವೆ. ಜನ ಆಗಲೂ ಬರುತ್ತಾರೆ. ಈಗ ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಅದಕ್ಕೊಂದು ದಾರಿ. ಅದನ್ನೇ ಬರೆಯುತ್ತೇನೆ.

ವಿಡಿಯೋ ಕದ್ದು ಹಾಕಿದವರಿಗೆಲ್ಲ ಬರೆದೆ. ಕೆಲವರು ತೆಗೆದರು. ಕೆಲವರು "ನಿಮ್ಮ ತಾತನ ಜಾಗಾನಾ ಅದು" ಎಂದು ನಕ್ಕರು. ಮ್ಯಾಪಿನಲ್ಲಿ ಹಾಕಿದ್ದ ಗುರುತು ತೆಗೆಸಲು ಬರೆದೆ. ಒಂದು ಸಲ ಹೋಯಿತು, ಮತ್ತೆ ಯಾರೋ ಹಾಕಿದರು.

ಗೌನಿಪಲ್ಲಿ ಕಡೆ ಮುರಳಿಮೋಹನ್ ಅಂತ ಒಬ್ಬ ಮೇಷ್ಟ್ರಿದ್ದಾರೆ. ಹಕ್ಕಿಗಳ ಫೋಟೋ ತೆಗೆದು ಹಾಕುತ್ತಾರೆ. ಅವರು ಹಾಕಿದ ಯಾವ ಜಾಗವೂ ಕೆಟ್ಟಿಲ್ಲ. ಹೇಗೆಂದು ಫೋನ್ ಮಾಡಿ ಕೇಳಿದೆ.

"ಗೂಡು ಖಾಲಿಯಾದ ಮೇಲೆ ಫೋಟೋ ಹಾಕ್ತೀನಮ್ಮ. ತಾಲೂಕು ಹೇಳ್ತೀನಿ, ಊರು ಹೇಳಲ್ಲ. ಬರ್ಬೇಕು ಅನ್ನೋರಿಗೆ ನನ್ನ ಫೋನ್ ನಂಬರ್ ಕೊಡ್ತೀನಿ. ನಂಬರ್ ಕೊಟ್ರೆ ಮುಕ್ಕಾಲು ಜನ ಬರಲ್ಲ. ಮಾತಾಡೋಕೆ ನಾಚಿಕೆ ಅವರಿಗೆ. ಬರೋ ಕಾಲು ಭಾಗ ಒಳ್ಳೆಯೋರು" ಎಂದರು.

ನಮ್ಮದು ಆಗಲೇ ಹೊರಬಿದ್ದಿದೆಯಲ್ಲ ಸಾರ್ ಎಂದೆ.

"ಹೊರಬಿದ್ದ ಜಾಗಕ್ಕೆ ಬಾಗಿಲು ಹಾಕೋಕಾಗಲ್ಲ. ಹೊಸಿಲು ಇಡಬಹುದು. ದಾಟೋವಾಗ ಕಾಲು ಎತ್ತಲೇಬೇಕಲ್ಲ, ಅಷ್ಟು ಹೊತ್ತು ಯೋಚನೆ ಮಾಡ್ತಾರೆ."

ಅಜ್ಜಿ, ಹೊಸಿಲು ಎಂದರೆ ಜೇನಿನ ಮಾತು. ಅವು ಯಾವಾಗ ಬರುತ್ತವೆ, ಎಲ್ಲಿ ಕೂರುತ್ತವೆ, ಏನು ಮಾಡಬಾರದು ಎನ್ನುವುದನ್ನು ಯಾರಾದರೂ ಹೇಳಬೇಕು. ನಾನು ಹೇಳಲಾರೆ. ನಾನು ಆಣೆ ಮಾಡಿದ್ದೇನೆ, ಮಾಡಿಸಿದವರು ನೀವು. ಮುರಿದುಬಿಡು ಎಂದು ನನ್ನ ಜೊತೆ ಕೆಲಸ ಮಾಡುವವರು ಹೇಳುತ್ತಾರೆ. ಆಡಿದ ಮಾತು ಮುರಿಯದ ಮನೆಯಲ್ಲಿ ಹುಟ್ಟಿದ್ದೇನೆ ಎಂದು ಅವರಿಗೆ ಹೇಗೆ ಹೇಳುವುದು?

ನೀವೇ ತೀರ್ಮಾನ ಮಾಡಿ.

ಚಂದನ

*

ಬೈರಕೂರು ಹೋಬಳಿ
22-12-2024

ಚಂದನಾ,

ಹೆಜ್ಜೇನಿನ ಮೊದಲ ತಂಡ ಹೋದ ಬುಧವಾರ ಬಂದು ಕೂತಿದೆ. ಅದೇ ಚಾಚಿನ ಕೆಳಗೆ. ಬಾದಾಮಿ ಇನ್ನೂ ಮೊಗ್ಗು.

ಬಂದ ಸುದ್ದಿ ಕೇಳಿ ಚನ್ನರಾಯಪ್ಪನೂ ಬಂದ. ಈ ಸಲ ಪಂಜು, ಸೀಮೆಎಣ್ಣೆ, ಹಗ್ಗ ಎಲ್ಲ ಸಿದ್ಧ ಮಾಡಿಕೊಂಡಿದ್ದ. "ವದಿನಾ, ನಿಮ್ಮ ಒಪ್ಪಿಗೆ ಇಲ್ದೇನೇ ಹೋಗ್ತೀನಿ ಅಂತ ಹೇಳೋಕೆ ಬಂದೆ" ಎಂದ. ಹೇಳಿ ಹೋಗುವವನಾದರೂ ಆಗಿದ್ದಾನಲ್ಲ ಎಂದು ಕೂರಿಸಿದೆ.

"ನಾನು ಮೇಲೆ ಹೋಗಿ ಬರ್ತೀನಿ. ಬರೋವರೆಗೂ ಈ ಜಗುಲಿ ಬಿಟ್ಟು ಏಳಬೇಡ" ಎಂದೆ.

"ಯಾರ ಜೊತೆ?"

"ನನ್ನ ಜೊತೆ."

ಒಬ್ಬಳೇ ಹತ್ತಿದೆ. ಹೋದ ವರ್ಷದಿಂದ ಹತ್ತಿರಲಿಲ್ಲ. ಮಂಡಿ ಹಿಡಿಯಿತು. ದೊಡ್ಡ ಬಂಡೆ ದಾಟಿದ ಮೇಲೆ ದೊಣೆಯವರೆಗೆ ಯಾರೂ ಬಾಯಿ ತೆರೆಯಬಾರದೆನ್ನುವುದು ನಿನಗೆ ಗೊತ್ತು. ಅದಕ್ಕೇ ಅಕ್ಕಮ್ಮನಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿದೆ. ಜೇನಿನ ಸುದ್ದಿ ಊರಾಚೆ ಹೇಳಬಾರದೆಂಬ ನಿಯಮ ನನ್ನ ಅತ್ತೆಯಿಂದ ನನಗೆ ಬಂತು, ನನ್ನಿಂದ ನಿನಗೆ. ಅದು ತುಪ್ಪ ಕದಿಯುವವರ ಕಾಲದ್ದು. ಈಗ ಬರುವವರಿಗೆ ತುಪ್ಪ ಬೇಡ. ಇಂದಿನಿಂದ ಆ ನಿಯಮ ಈ ಮನೆಯಲ್ಲಿಲ್ಲ, ಚಂದನ ಮಾಡಿದ ಆಣೆಯೂ ಇಲ್ಲ ಎಂದು ಹೇಳಿ ಏಳು ಕಲ್ಲಿಗೂ ಅರಿಶಿನ ಹಚ್ಚಿದೆ. ದೊಣೆಯಿಂದ ಕವರುಗಳನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಇಳಿದೆ.

ಚನ್ನರಾಯಪ್ಪ ಕೂತಲ್ಲೇ ಇದ್ದ. ಅವನ ಮುಂದೆ ಸೆರಗು ಬಿಚ್ಚಿದೆ.

"ಸುಡೋ ಹಾಗಿದ್ರೆ ಇದನ್ನ ಸುಡು" ಎಂದೆ. ಸೀಮೆಎಣ್ಣೆ ಅದಕ್ಕೇ ಸರಿಹೋಯಿತು.

ಮುಳಬಾಗಿಲಿನಿಂದ ಬೋರ್ಡು ಬರೆಯುವ ಶಿವಕುಮಾರನನ್ನು ಕರೆಸಿ ತೋಟದ ಗೇಟಿಗೆ ತಗಡು ಹಾಕಿಸಿದ್ದೇನೆ. ಬರೆಸಿದ್ದು ಇಷ್ಟು: "ಇಲ್ಲಿ ಬೆಂಕಿ ಹಚ್ಚಿದ್ದರಿಂದ ಹೆಜ್ಜೇನು ಎದ್ದು ಕೋದಂಡರಾಮಪ್ಪನವರು ತೀರಿಕೊಂಡರು. ಮಾವು ಹೂ ಬಿಟ್ಟಾಗಿನಿಂದ ಮುಂಗಾರು ಬೀಳುವವರೆಗೆ ಹೊರಗಿನವರು ಹತ್ತಬಾರದು. ಉಳಿದ ಕಾಲದಲ್ಲಿ ಈ ಮನೆಯವರೊಬ್ಬರು ಜೊತೆಗೆ ಬಂದರೆ ಮಾತ್ರ." ಮೊದಲ ಸಾಲು ಕೊನೆಗೆ ಹಾಕಲಾ ಅಮ್ಮ, ನೋಡೋಕೆ ಚೆನ್ನಾಗಿರುತ್ತೆ ಎಂದ ಅವನು. ನೋಡೋಕೆ ಚೆನ್ನಾಗಿರೋದಕ್ಕೇ ಇಷ್ಟೆಲ್ಲ ಆಯ್ತು, ಮೊದಲೇ ಬರಿ ಎಂದೆ.

ಗೇಟಿನವರೆಗೆ ಬಂದವರಿಗೆ ಬೋರ್ಡು. ಬರುವ ಮುಂಚೆ ತಿಳಿಯಬೇಕಲ್ಲ. ಅದಕ್ಕಾಗಿ ಶ್ರೀಧರನ ಫೋನಿನ ಮುಂದೆ ನಿಂತು ಹೇಳಬೇಕಾದ್ದನ್ನು ಹೇಳಿದ್ದೇನೆ. ಅವನು ನಿನಗೆ ಕಳಿಸುತ್ತಾನೆ. ನೀನು ಎಲ್ಲಿ ಹಾಕಿದ್ದೆಯೋ ಅಲ್ಲೇ ಹಾಕು. ಹಾಡು ಸೇರಿಸಬೇಡ.

ನಾನು ಮದುವೆಯಾಗಿ ಬಂದ ವರ್ಷ ಅತ್ತೆ ನನ್ನನ್ನು ದೊಣೆಗೆ ಕರೆದುಕೊಂಡು ಹೋಗಿದ್ದರು. "ದಾರಿ ತೋರಿಸಿದೋಳು ಜೊತೇಲಿ ನಡೀಬೇಕು ಕಣಮ್ಮ. ಬೆರಳು ತೋರಿಸಿ ಮನೆಗೆ ಬಂದುಬಿಡೋದಲ್ಲ" ಎಂದಿದ್ದರು. ಈ ನಿಯಮವನ್ನು ನಾನು ತೆಗೆದಿಲ್ಲ.

ಗಂಗರತ್ನಮ್ಮ

*

ಮಾಸ್ತಿ
12-1-2025

ಅಜ್ಜಿಗೆ ನಮಸ್ಕಾರ.

ಅಪ್ಪ ಕಳಿಸಿದ್ದು ಬಂತು. ಡೈರಿಯಲ್ಲಿ ಎಲ್ಲರೂ ಹೋದ ಮೇಲೆ ನೋಡಿದೆ. ಹನ್ನೊಂದು ತಿಂಗಳ ನಂತರ ನಿಮ್ಮ ಧ್ವನಿ ಕೇಳಿದ್ದು. ನೀವು ಕ್ಯಾಮೆರಾ ನೋಡದೆ ಬೆಟ್ಟ ನೋಡಿಕೊಂಡು ಮಾತಾಡಿದ್ದೀರಿ. "ನನ್ನ ಯಜಮಾನರು ಕೋದಂಡರಾಮಪ್ಪನವರು" ಎಂದಿರಿ. ತಾತನ ಹೆಸರನ್ನು ನಿಮ್ಮ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ರೇಷನ್ ಅಂಗಡಿಯಲ್ಲೂ ನೀವು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಿರಿ. ಅಲ್ಲಿಗೆ ನಿಲ್ಲಿಸಿ ಮತ್ತೆ ಹಿಂದಕ್ಕೆ ಹೋಗಿ ಕೇಳಿದೆ.

ಅದೇ ಖಾತೆಯಲ್ಲಿ ಹಾಕಿದೆ. ಹಾಡು ಸೇರಿಸಿಲ್ಲ. ಹಳೆಯದನ್ನು ಕದ್ದವರಿಗೆಲ್ಲ ಇದನ್ನೂ ಕಳಿಸಿದೆ, ಇದನ್ನೂ ಹಾಕಿಕೊಳ್ಳಿ ಎಂದು. ಇಬ್ಬರು ಹಾಕಿದ್ದಾರೆ. ದೊಣೆಯನ್ನು ನೋಡಿದಷ್ಟು ಜನ ಇದನ್ನು ನೋಡುವುದಿಲ್ಲ, ಅದೂ ಗೊತ್ತು. ಒಬ್ಬ, ಈ ಮುದುಕಿ ಬೆಟ್ಟ ತನ್ನದೇ ಅಂದುಕೊಂಡಿದ್ದಾಳೆ ಎಂದು ಬರೆದಿದ್ದ. ಅವನಿಗೆ ನಾನು ಉತ್ತರ ಬರೆಯಲಿಲ್ಲ. ಬೇರೆ ಯಾರೋ ಬರೆದರು. ಆ ಮಗುವಿನ ತಾಯಿ. ನಾನು ಹುಡುಕಿರಲಿಲ್ಲ, ಅವರೇ ನೋಡಿದ್ದಾರೆ. "ನನ್ನ ಮಗಳು ಶಾಲೆಗೆ ಹೋಗುತ್ತಿದ್ದಾಳೆ" ಎಂದಷ್ಟೇ ಬರೆದಿದ್ದಾರೆ.

ಹೋದ ಭಾನುವಾರ ಗೇಟಿನ ಹತ್ತಿರ ಒಂದು ಕಾರು ನಿಂತು, ಬೋರ್ಡು ಓದಿ, ತಿರುಗಿಸಿಕೊಂಡು ಹೋಯಿತಂತೆ. ಇನ್ನೊಂದು ಹೋಗದೆ ಅಲ್ಲೇ ನಿಂತಿತಂತೆ. ಅಪ್ಪ ಹೇಳಿದರು. ಒಂದು ಹೋಯಿತಲ್ಲ.

ಬೆರಳು ತೋರಿಸಿ ಮನೆಗೆ ಬರಬಾರದು ಎಂದು ಬರೆದಿದ್ದೀರಿ. ನನಗೆ ಅರ್ಥವಾಯಿತು. ಭಾನುವಾರ ಡೈರಿಯಲ್ಲಿ ಬೆಳಗಿನ ಹಾಲು ಮುಗಿಸಿ ಹೊರಟರೆ ಮಧ್ಯಾಹ್ನಕ್ಕೆ ಗೇಟಿನಲ್ಲಿ ನಿಲ್ಲಬಹುದು. ಮನೆಯೊಳಗೆ ಬರುವುದಿಲ್ಲ. ನೀವು ಹೇಳುವವರೆಗೆ ಬರುವುದಿಲ್ಲ.

ಚಂದನ

*

ಬೈರಕೂರು ಹೋಬಳಿ
19-1-2025

ಚಂದನಾ,

ಗೇಟಿನಲ್ಲಿ ನಿಲ್ಲಲು ನೀನು ವಾಚ್‌ಮನ್ ಅಲ್ಲ.

ನಿನ್ನ ತಾತನ ವರ್ಷದ ತಿಥಿ ಮಾಘ ಶುದ್ಧ ಬಿದಿಗೆ, ಶುಕ್ರವಾರ ಬರುತ್ತದೆ. ಗುರುವಾರವೇ ಮಾಲೂರಿಗೆ ಬಂದು ಕೋಲಾರದ ಬಸ್ಸು ಹತ್ತು. ಮುಳಬಾಗಿಲಿನಲ್ಲಿ ನಿನ್ನ ಅಪ್ಪ ನಿಂತಿರುತ್ತಾನೆ. ಪದ್ಮಶ್ರೀಯನ್ನೂ ಕರೆದುಕೊಂಡು ಬಾ. ಒಂದು ವರ್ಷ ನಿನಗೆ ಅನ್ನ ಹಾಕಿದ್ದಾಳೆ, ಅವಳಿಗೆ ಸೀರೆ ತೆಗೆದಿಟ್ಟಿದ್ದೇನೆ.

ಮುಂಗಾರು ಬಿದ್ದು ಹೆಜ್ಜೇನು ಎದ್ದ ಮೇಲೆ ಬಯಸಿ ಬರುವವರನ್ನು ಭಾನುವಾರ ನೀನೇ ಮೇಲಕ್ಕೆ ಕರೆದುಕೊಂಡು ಹೋಗಬೇಕು. ದೊಣೆಯ ಪಕ್ಕದ ಹಾಸುಬಂಡೆಯ ಮೇಲೆ ಕಂಬಳಿ ಹಾಸಿದರೆ ಎಷ್ಟು ಜನ ಕೂರುತ್ತಾರೋ ಅಷ್ಟೇ ಜನ. ಉಳಿದವರು ಇನ್ನೊಂದು ಭಾನುವಾರ. ಒಪ್ಪದವರು ಒಪ್ಪುವುದು ಬೇಡ. ಗುಡಿಗೆ ಹೋದರೆ ಸಾಲಿನಲ್ಲಿ ನಿಲ್ಲುವುದಿಲ್ಲವೇ? ಚನ್ನರಾಯಪ್ಪ ಪಂಚಾಯಿತಿಯಲ್ಲಿ ಇದನ್ನು ಹೇಳಿ ಬರೆಸಿದ್ದಾನೆ. ಈಗ ಎಲ್ಲ ತಾನೇ ಯೋಚನೆ ಮಾಡಿದ್ದೆಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ. ತಿರುಗಲಿ.

ಕಂಬಳಿಯನ್ನು ಗೂಟದಿಂದ ಇಳಿಸಿದೆ. ನಾನು ಮತ್ತು ನಿನ್ನ ಅಮ್ಮ ಬಿಸಿಲಿನಲ್ಲಿ ಕೂತು ಚಿಮಟದಿಂದ ಕೊಂಡಿ ಆರಿಸಿದೆವು. ಶೋಭಾರಾಣಿ ಎಣಿಸಲು ಹೋದಳು. ಬೇಡವೆಂದೆ. ಕೆಲವು ಬರಲಿಲ್ಲ. ಉಣ್ಣೆಯೊಳಗೇ ಮುರಿದುಕೊಂಡಿವೆ. ಇರಲಿ. ಕೊಡವಿ ಮಡಿಸಿಟ್ಟಿದ್ದೇನೆ.

ತಿಥಿಯ ದಿನ ಬಿಸಿಲೇರುವ ಮುಂಚೆ, ಹುಳಗಳು ಚಳಿಗೆ ಮುದುಡಿಕೊಂಡಿರುವಾಗ, ನಮ್ಮ ಮನೆಯವರು ಮೇಲೆ ಹೋಗಿ ಅಕ್ಕಮ್ಮನ ಹತ್ತಿರ ಎಡೆ ಇಟ್ಟು ಬರುವುದು ಪದ್ಧತಿ. ಊದುಕಡ್ಡಿ, ಕರ್ಪೂರ ಇಲ್ಲ. ತಲೆಗೆ ಹೂ, ಎಣ್ಣೆ ಬೇಡ. ಸೋಪು ಹಾಕಿ ಸ್ನಾನ ಮಾಡಬೇಡ, ಸೀಗೆಪುಡಿ ಇಟ್ಟಿರುತ್ತೇನೆ. ಶ್ರೀಧರನಿಗೆ ಕೆಳಗೆ ಪುರೋಹಿತರ ಕೆಲಸ. ಎಡೆ ನಾನು ಹಿಡಿಯುತ್ತೇನೆ. ಕಂಬಳಿ ನೀನು ಹೊತ್ತುಕೊಳ್ಳಬೇಕು.

ನಾನು ಆಡಿದ ಮಾತು ಆಡಿದ್ದೇ. ಅದನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ಮನೆ ತುಂಬ ನೆಂಟರಿರುತ್ತಾರೆ, ಎಲ್ಲರೂ ನನ್ನ ಬಾಯಿ ನೋಡುತ್ತಾರೆ. ನೋಡಲಿ. ಆದರೆ ದೊಡ್ಡ ಬಂಡೆ ದಾಟಿದ ಮೇಲೆ ದೊಣೆಯವರೆಗೆ ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲ. ಅಲ್ಲಿ ನೀನು, ನಾನು ಎಲ್ಲರ ಹಾಗೇ.

ಮುಂದೆ ನೀನು ನಡೆ. ನಾನು ಹಿಂದೆ ಬರುತ್ತೇನೆ. ಎರಡು ಬಂಡೆಗಳ ನಡುವೆ, ನಿನ್ನ ತಾತ ತೋರಿಸಿದ ಕಡೆ, ಇಬ್ಬನಿಗೆ ಜಾರುತ್ತದೆ. ಅಲ್ಲಿ ನಿಂತು ಕೈ ಹಿಂದಕ್ಕೆ ಚಾಚು.

ನಿನ್ನ ಅಜ್ಜಿ,
ಗಂಗರತ್ನಮ್ಮ